ಗುಪ್ತಮತದ ಧರ್ಮಾಧರ್ಮ

ಒಳ್ಳೆಯ ಕೆಲಸವನ್ನು ನಾಲ್ಕು ಜನರ ಇದಿರಿಗೆ ಮಾಡಬೇಕು, ಮರೆಯಲ್ಲಿ ಮಾಡುವದೆಲ್ಲ ಕಳ್ಳತನಕ್ಕೆ ಸಮೀಪವಾದದ್ದು ಎಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವದು. ಹೀಗಿರಲು, ಪ್ರಜೆಯು ಐದು ವರುಷಗಳಲ್ಲಿ ಮಾಡುವ ಕಾರ್ಯಗಳಲ್ಲೆಲ್ಲ ಅತ್ಯಂತ ಸಾರ್ವಜನಿಕವಾದದ್ದನ್ನು, ಅಂದರೆ ತನ್ನನ್ನು ಆಳುವವರ ಆಯ್ಕೆಯನ್ನು, ತೆರೆಯ ಹಿಂದೆ ನಿಂತು ಯಾರಿಗೂ ಕಾಣದಂತೆ ಮಾಡಬೇಕೆಂದು ಕಾಯಿದೆಯೇ ವಿಧಿಸಿರುವದು ವಿಚಿತ್ರವಲ್ಲವೆ? “ಮಾಡಿದ್ದು ಸರಿಯೆಂದು ತಿಳಿದವನು ಅದನ್ನು ಬಚ್ಚಿಡುವದು ಯಾತಕ್ಕೆ?” ಎಂದು ನಮ್ಮ ಊರಿನ ತರುಣ ವಕೀಲರೊಬ್ಬರು ಈಚೆಗೆ ನನ್ನೊಡನೆ ವಾದಿಸಿದರು. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಅದನ್ನು ಅವರಿಗಿಂತ ಮೊದಲು ಎತ್ತಿದವನು ಸ್ವಾತಂತ್ರ್ಯಪಕ್ಷಪಾತಿಗಳೆಲ್ಲ ಆಚಾರ್ಯನೆಂದು ಮನ್ನಿಸುವ ಜಾನ್ ಸ್ಟುವರ್ಟ್ ಮಿಲ್ಲನು.

ಇಂಗ್ಲಂಡದಲ್ಲಿ 1872ರ ವರೆಗೆ ಮತವೆಂಬುದು ಬಾಯಿಮಾತಿನ ಸಂಗತಿಯಾಗಿತ್ತು. ಮತದಾರನು ಗುಮಾಸ್ತನ ಮುಂದೆ ನಿಂತು, ಗುಂಪು ಕೇಳುತ್ತಿರುವಂತೆಯೇ, ತನ್ನ ಮತವು ಇಂಥವರಿಗೆಂದು ಹೇಳಬೇಕು. ಗುಮಾಸ್ತನು ಅದನ್ನು ಹೆಸರಿನ ಮುಂದೆ ಬರೆದುಕೊಳ್ಳಬೇಕು. ಇಷ್ಟಕ್ಕೇ ಮುಗಿಯದೆ, ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿಯನ್ನು ಅಚ್ಚು ಹಾಕಿಸಿ ಮಾರುವದೂ ಅನೇಕ ಊರುಗಳಲ್ಲಿ ರೂಢಿಯಾಗಿತ್ತು. ಆ ಪುಸ್ತಕವು ಜಮೀನುದಾರನ ಮೇಜಿನ ಮೇಲೆ ಬಿದ್ದಿರುವಾಗ ಅವನ ಹೊಲವನ್ನು ಉಳುವವನಿಗೆ ಸ್ವಂತ ಅಭಿಪ್ರಾಯವೆಲ್ಲಿಂದ ಬರಬೇಕು? 1868ರ ಚುನಾವಣೆಯಲ್ಲಿ ವೇಲ್ಸ್ ಪ್ರಾಂತದ ಎಷ್ಟೋ ಒಕ್ಕಲುಗಳು ಧಣಿಗಳ ಇಚ್ಛೆಯನ್ನು ಮೀರಿ ಲಿಬರಲ್ ಎಂಬ ಉದಾರಪಕ್ಷಕ್ಕೆ ಮತ ಕೊಟ್ಟರು. ಆ ತಪ್ಪಿಗಾಗಿ ಹೊಲಮನೆಗಳಿಂದ ಹೊರಬಿದ್ದರು. 1838ರಲ್ಲಿಯೇ ಚಾರ್ಟಿಸ್ಟರೆಂಬ ಕೂಲಿಕಾರ ಚಳವಳಿಗಾರರು ತಮ್ಮ ಆರು ಬೇಡಿಕೆಗಳಲ್ಲಿ ಗುಪ್ತಮತವನ್ನು ಒಂದನ್ನಾಗಿ ಇಟ್ಟಿದ್ದರು. ಗ್ರೀಸ್ ದೇಶದ ಇತಿಹಾಸವನ್ನು ಬರೆದ ಜಾರ್ಜ್ ಗ್ರೋಟನು ಅದಕ್ಕೂ ಮುಂಚೆ ಪಾರ್ಲಿಮೆಂಟಿನಲ್ಲಿ ಇದನ್ನು ವರುಷವರುಷವೂ ಕೇಳಿ ಸೋತಿದ್ದನು. ಕಡೆಗೆ 1872ರಲ್ಲಿ ಗ್ಲಾಡ್‌ಸ್ಟನ್ನನ ಉದಾರಪಕ್ಷದ ಸರಕಾರವು ಕಾಯಿದೆಯನ್ನು ಮಾಡಿತು. ಅದರಂತೆ ಮೊದಲನೆಯ ಚುನಾವಣೆಯು ಅದೇ ಆಗಸ್ಟ 15ರಂದು ಪಾಂಟಿಫ್ರಾಕ್ಟ್ ಎಂಬಲ್ಲಿ ನಡೆಯಿತು. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರಾದದ್ದು. ಮತಪೆಟ್ಟಿಗೆಯ ಅರಗಿನ ಮೇಲೆ ಒತ್ತಿದ್ದು ಮಿಠಾಯಿಯ ಕಾರಖಾನೆಯ ಮುದ್ರೆಯನ್ನು! ನಮ್ಮಲ್ಲಿ ಈಗಲೂ ಮಿಠಾಯಿಗೂ ಮತಕ್ಕೂ ಇರುವ ನಂಟು ಬೇರೆ ತರದ್ದು.

ಈ ಸುಧಾರಣೆಗೆ ಮಿಲ್ಲನು ವಿರೋಧಿಯಾಗಿದ್ದನು. ಅವನ ತಂದೆಯು ಗುಪ್ತಮತದ ಪರವಾಗಿ ಬರೆದವನು. ಮಗನೂ ಮೊದಲಿಗೆ ಅದೇ ಮತದವನು. ಆದರೆ 1861ರಲ್ಲಿ ಪ್ರಾತಿನಿಧಿಕ ರಾಜ್ಯಪದ್ಧತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಅವನು ಹೇಳಿದ್ದೇ ಬೇರೆ. ಮತವು ಮನುಷ್ಯನ ಸ್ವಂತ ಸೊತ್ತಲ್ಲ, ಅದು ನ್ಯಾಸ. ನೆರೆಯವನ ಸುಖದುಃಖಗಳ ಮೇಲೆ ನನಗಿರುವ ಒಂದಿಷ್ಟು ಅಧಿಕಾರ. ನ್ಯಾಸವನ್ನು ಇಟ್ಟುಕೊಂಡವನು ಲೆಕ್ಕ ಒಪ್ಪಿಸಬೇಕು. ಮರೆಯಲ್ಲಿ ಕೊಡುವ ಮತವು ತನ್ನದೇ ಲಾಭಕ್ಕಾಗಿ ತನಗೆ ದೊರೆತ ವಸ್ತುವೆಂದು ಮತದಾರನು ಬಗೆಯುವನು. ಹತ್ತು ಜನರ ಮುಂದೆ ಹೇಳಬೇಕಾದಾಗ, ನಾಚಿಕೆಯಿಂದಲಾದರೂ, ಹೇಳಲಿಕ್ಕೆ ಬರುವಂಥ ಒಂದು ಕಾರಣವನ್ನು ಹುಡುಕುವನು. ಇದು ಅವನ ವಾದದ ಸಾರ. ಹೀಗೆ ಹೇಳುವ ಯೋಗ್ಯತೆಯೂ ಅವನಿಗಿತ್ತು. 1865ರಲ್ಲಿ ವೆಸ್ಟ್‌ಮಿನ್‌ಸ್ಟರಿನಿಂದ ಅವನು ಚುನಾವಣೆಗೆ ನಿಂತದ್ದು, ಹಣ ಖರ್ಚುಮಾಡುವದಿಲ್ಲ, ಮತ ಬೇಡಲು ಮನೆಮನೆಗೆ ತಿರುಗುವದಿಲ್ಲ ಎಂಬ ಕರಾರಿನ ಮೇಲೆ. ಕೂಲಿಕಾರರ ಸಭೆಯೊಂದರಲ್ಲಿ, ಕೂಲಿವರ್ಗದವರು ಸಾಮಾನ್ಯವಾಗಿ ಸುಳ್ಳರೆಂದು ತಾವು ಬರೆದದ್ದು ನಿಜವೋ ಎಂದು ಕೇಳಿದರು. ನಿಜವೆಂದು ಒಂದೇ ಮಾತಿನಲ್ಲಿ ಒಪ್ಪಿಕೊಂಡನು. ಸಭೆಯು ಚಪ್ಪಾಳೆ ತಟ್ಟಿತು, ಅವನು ಆರಿಸಿಬಂದನು. ಮೂರು ವರುಷಗಳ ತರುವಾಯ ಅದೇ ಊರಿನವರು ಅವನನ್ನು ಬಿಟ್ಟು ಪುಸ್ತಕ ಪತ್ರಿಕೆಗಳ ವ್ಯಾಪಾರಿಯಾದ ಸ್ಮಿತ್ತನನ್ನು ಕಳುಹಿದರೆಂಬುದು ಬೇರೆ ಕಥೆ.

ಮಿಲ್ಲನ ವಾದದಲ್ಲಿ ಅರ್ಧ ಸತ್ಯವಿದೆಯೆಂದು ನಾನು ಒಪ್ಪುವೆನು. ಮತವು ನ್ಯಾಸವೆಂಬುದು ನಿಜ. ಆದರೆ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು? ಕೇಳುವವನು ಧಣಿಯೋ, ಸಾಲ ಕೊಟ್ಟ ಸಾಹುಕಾರನೋ, ನಮ್ಮ ಓಣಿಯ ಹಿರಿಯನೋ ಆಗಿದ್ದಲ್ಲಿ ಅದು ಲೆಕ್ಕ ಕೇಳುವದಲ್ಲ, ಜಬರದಸ್ತಿ. ಜುಲುಮೆಯಿದ್ದಲ್ಲಿ ಗುಟ್ಟು ಬೇಕೆಂಬುದನ್ನು ಮಿಲ್ಲನೂ ಅಲ್ಲಗಳೆಯಲಿಲ್ಲ. ತನ್ನ ನಾಡಿನಲ್ಲಿ ಅಂಥ ಜುಲುಮೆಯು ಇಳಿದಿದೆಯೆಂದು ಅವನು ನಂಬಿದ್ದನು, ಅಷ್ಟೆ. ವೇಲ್ಸಿನ ಒಕ್ಕಲುಗಳು ಹೊರಬಿದ್ದದ್ದು ಆ ಗ್ರಂಥವು ಹೊರಟ ಏಳು ವರುಷಗಳ ಮೇಲೆ. 1867ರಲ್ಲಿ ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ಪಾರ್ಲಿಮೆಂಟಿನಲ್ಲಿ ಸೂಚಿಸಿದವನೂ ಈ ಮಹಾನುಭಾವನೇ. ಆ ಸ್ತ್ರೀಯು ಗಂಡನ ಮಗ್ಗುಲಲ್ಲಿ ನಿಂತು ಕೂಗಿ ಹೇಳುವ ಮತವು ಯಾರದಾದೀತು? ನಾನು ಮಾಸ್ತರಿಕೆಯಲ್ಲಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತವನು. ಬಾಗಿಲ ವರೆಗೆ ಅತ್ತೆಯ ಹಿಂದೆ ತಲೆಬಾಗಿ ಬಂದ ಸೊಸೆಯು ತೆರೆಯ ಆಚೆಗೆ ಒಬ್ಬಳೇ ಹೋಗಿ ನಿಲ್ಲುವ ಅರೆಗಳಿಗೆಯಲ್ಲಿ ಯಾರ ಸೊಸೆಯೂ ಆಗಿರುವದಿಲ್ಲ. ಅಷ್ಟು ಏಕಾಂತವು ಅವಳಿಗೆ ದೇವರಮನೆಯಲ್ಲಿಯೂ ಸಿಕ್ಕುವದಿಲ್ಲವೆಂದು ನನಗೆ ಎಷ್ಟೋ ಸಲ ಅನಿಸಿದೆ.

ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಉಪಾಖ್ಯಾನವನ್ನು ವಾಚಕರು ಬಲ್ಲರು. ಕೌಶಿಕನಿಗೆ ಸತ್ಯವನ್ನೇ ನುಡಿಯುವೆನೆಂಬ ವ್ರತ. ದಸ್ಯುಗಳಿಗೆ ಹೆದರಿ ಕೆಲವರು ಅವನ ಆಶ್ರಮದ ಹತ್ತಿರದ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದ ದಸ್ಯುಗಳು ಕೇಳಲಾಗಿ ಕೌಶಿಕನು ಇದ್ದದ್ದನ್ನು ಇದ್ದಂತೆ ಹೇಳಿದನು, ಅಡಗಿದವರು ಹತರಾದರು, ಸತ್ಯವಾದಿಯು ನರಕಕ್ಕೆ ಹೋದನು. ಕೇಳುವ ಅಧಿಕಾರವಿಲ್ಲದವನಿಗೆ ಹೇಳದಿರುವದು ಅಸತ್ಯವಲ್ಲವೆಂಬುದೇ ಇದರ ತಾತ್ಪರ್ಯವೆಂದು ನಾನು ತಿಳಿದಿರುವೆನು. 1951ರ ಪ್ರಜಾಪ್ರಾತಿನಿಧ್ಯದ ಕಾಯಿದೆಯ 94ನೆಯ ಕಲಮು ಇದಕ್ಕೆ ಬಹಳ ಹತ್ತಿರವಾದದ್ದು: ಯಾರಿಗೆ ಮತ ಕೊಟ್ಟೆಯೆಂದು ಸಾಕ್ಷಿಯ ಕಟ್ಟೆಯಲ್ಲಿ ನಿಂತವನನ್ನು ಕೂಡ ಒತ್ತಾಯಿಸಿ ಕೇಳತಕ್ಕದ್ದಲ್ಲ.

ನಮ್ಮ ಸೀಮೆಗೆ ಈ ತೆರೆಯು ಬಂದದ್ದು ತಡವಾಗಿ. ಕೊಪ್ಪಳ ಯಲಬುರ್ಗೆಗಳು ಸಾಲಾರಜಂಗರ ಜಹಗೀರಿನಲ್ಲಿಯೂ, ಕುಷ್ಟಗಿ ಗಂಗಾವತಿಗಳು ನಿಜಾಮರ ರಾಯಚೂರ ಜಿಲ್ಲೆಯಲ್ಲಿಯೂ ಇದ್ದ ಕಾಲದಲ್ಲಿ ಸಾಮಾನ್ಯ ರೈತನ ಅಭಿಪ್ರಾಯವನ್ನು ಕೇಳಿದವರೇ ಇಲ್ಲ. 1948ರ ಸಪ್ಟಂಬರದಲ್ಲಿ ಆ ಆಳಿಕೆಯು ಮುಗಿಯಿತು. ನಾಲ್ಕು ವರುಷಗಳೊಳಗೆ ಎಲ್ಲ ವಯಸ್ಕರಿಗೂ ಮತ. 1952ರ ಆ ಮೊದಲನೆಯ ಲೋಕಸಭಾ ಚುನಾವಣೆಯಲ್ಲಿ, ಹೈದರಾಬಾದ ರಾಜ್ಯದ ಕುಷ್ಟಗಿ ಕ್ಷೇತ್ರದಿಂದ ಆರಿಸಿಬಂದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಯಾವ ಪಕ್ಷಕ್ಕೂ ಸೇರದ ಸ್ವತಂತ್ರ ಅಭ್ಯರ್ಥಿಗಳು. ಆಗ ಚೀಟಿಯ ಮೇಲೆ ಗುರುತು ಮಾಡುವದು ಇರಲಿಲ್ಲ. ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮೆಚ್ಚಿದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವದು. ದೇಶದಲ್ಲೆಲ್ಲ ಕಾಂಗ್ರೆಸಿನ ಜೋಡೆತ್ತು ಓಡುತ್ತಿದ್ದ ಕಾಲದಲ್ಲಿ ಇಲ್ಲಿಯ ಜನರು ಬೇರೆ ಪೆಟ್ಟಿಗೆಯನ್ನು ಹುಡುಕಿದರು. ಹೈದರಾಬಾದ ವಿಮೋಚನೆಯ ಹೋರಾಟದಲ್ಲಿ ಸ್ವಾಮಿಗಳು ಮುಂಡರಗಿಯ ಶಿಬಿರವನ್ನು ನಡೆಸಿದ್ದಕ್ಕಾಗಿಯೋ, ಗುರುಭಕ್ತಿಯಿಂದಲೋ, ಪಕ್ಷದವರ ಮೇಲಿನ ಬೇಸರದಿಂದಲೋ? ಯಾರೂ ಹೇಳಲಾರರು, ಹೇಳಲಾರದಂತೆ ಏರ್ಪಾಟು ಮಾಡಿದ್ದೇ ಆ ತೆರೆಯ ಮಹಿಮೆ.

ಇನ್ನು ನಿಜವಾದ ತೊಡಕಿಗೆ ಬರುವೆನು. ಗುಟ್ಟನ್ನು ಮುರಿಯಲಾರದವರು ಗುಟ್ಟಿನ ಒಳಗೆ ದೇವರನ್ನು ಕೂಡ್ರಿಸುವ ಉಪಾಯವನ್ನು ಕಂಡುಕೊಂಡರು. ಹಣವನ್ನು ಕೈಯಲ್ಲಿ ಇಡುವದು. ಭಂಡಾರವನ್ನು ಮುಟ್ಟಿಸಿ, ಇಲ್ಲವೆ ಮನೆದೇವರ ಹೆಸರಿನಲ್ಲಿ, ಆಣೆ ತೆಗೆದುಕೊಳ್ಳುವದು. ಇದು ಈ ಭಾಗದಲ್ಲಿ ಯಾರಿಗೂ ಹೊಸದಲ್ಲ. ಪುಢಾರಿಗಳು ದೇವರನ್ನು ನಂಬುವರೋ ಇಲ್ಲವೋ, ಬಡವನು ನಂಬುವನೆಂಬುದನ್ನು ಚೆನ್ನಾಗಿ ನಂಬಿರುವರು. ಈಗ ಆ ಬಡವನ ಧರ್ಮಸಂಕಟವನ್ನು ನೋಡಿರಿ. ಹಣ ತೆಗೆದುಕೊಂಡದ್ದು ತಪ್ಪು. ಆಣೆ ಮಾಡಿದ್ದು ಆಯಿತು. ಮನಸ್ಸು ಬೇರೆಯವರ ಕಡೆಗಿದೆ. ಆಣೆಯನ್ನು ಮುರಿದರೆ ದೈವದ್ರೋಹ, ನಡೆಸಿದರೆ ದೇಶದ್ರೋಹ. ಇವನಿಗೆ ಬಿಡುಗಡೆಯುಂಟೆ?

ಉಂಟೆಂದು ನಮ್ಮ ಧರ್ಮಶಾಸ್ತ್ರವೇ ಹೇಳುವದು. ಇಂಗ್ಲಂಡದ ವರೆಗೆ ಹೋಗಬೇಕಾದ ಕಾರಣವಿಲ್ಲ. ಕೊಟ್ಟರೂ ಕೊಟ್ಟಂತಾಗದ ದಾನಗಳನ್ನು ‘ಅದತ್ತ’ವೆಂದು ಕರೆದು ನಾರದನು ಹದಿನಾರನ್ನು ಎಣಿಸಿದ್ದಾನೆ, ಅವುಗಳಲ್ಲಿ ಉತ್ಕೋಚ, ಅಂದರೆ ಲಂಚ, ಒಂದು. ಬಲಾತ್ಕಾರದಿಂದ ಮಾಡಿಸಿದ್ದೆಲ್ಲವೂ ಮಾಡದಿದ್ದಂತೆಯೇ ಎಂದು ಮನುವಿನ ಮತ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇದನ್ನೆಲ್ಲ ದತ್ತಾಪ್ರದಾನಿಕ ಪ್ರಕರಣದಲ್ಲಿ ವಿಚಾರಿಸಿರುವನು. (ಅದೇ ಅರಸನ ದಂಡನಾಯಕನಾದ ಮಹಾದೇವನು ನಮ್ಮ ಇಟಗಿಯ ಗುಡಿಯನ್ನು 1112ರಲ್ಲಿ ಕಟ್ಟಿಸಿದ್ದು, ಮಿತಾಕ್ಷರೆಯು ಪರಸ್ಥಳದ ಗ್ರಂಥವಲ್ಲ.) ಮೂಲದ ವ್ಯವಹಾರವೇ ನಿಲ್ಲದಿರುವಾಗ ಅದನ್ನು ಬಿಗಿಯಲು ಕಟ್ಟಿದ ಆಣೆಯು ಹೇಗೆ ನಿಂತೀತು? ಹಾಗೆಂದು, ತೆಗೆದುಕೊಂಡ ಹಣವು ಅವನದಾಯಿತೆಂದು ನಾನು ಹೇಳಿಲ್ಲ. ಅದತ್ತವು ಕೊಟ್ಟವನಿಗೆ ಹಿಂತಿರುಗತಕ್ಕದ್ದು. ಎರಡೂ ಕಡೆಯವರಿಂದ ತೆಗೆದುಕೊಂಡು ತೆರೆಯ ಹಿಂದೆ ನಗುವ ಜಾಣನನ್ನು ಕಂಡೇ ಮಿಲ್ಲನು ಅಂಜಿದ್ದು. ಈಗಿನ ರಾಜ್ಯದ ಕಾಯಿದೆಯಲ್ಲಿಯೂ ಕೊಟ್ಟವನು ತೆಗೆದುಕೊಂಡವನು ಇಬ್ಬರೂ ಅಪರಾಧಿಗಳು. ಇಂಥವರಿಗೆ ಮತ ಕೊಡದಿದ್ದರೆ ದೈವದ ಮುನಿಸಿಗೆ ಗುರಿಯಾಗುವಿಯೆಂದು ಹೆದರಿಸುವದೂ ಅಪರಾಧವೇ.

ತೆರೆಯ ಹಿಂದಿನ ಮನುಷ್ಯನು ಯಾರಿಗೆ ಲೆಕ್ಕ ಕೊಡಬೇಕೆಂಬ ಪ್ರಶ್ನೆಗೂ ಮಿತಾಕ್ಷರೆಯಲ್ಲಿ ದಾರಿಯುಂಟು. ಧರ್ಮಕ್ಕೆ ಶ್ರುತಿ, ಸ್ಮೃತಿ, ಸದಾಚಾರಗಳ ಜೊತೆಗೆ ತನ್ನ ಆತ್ಮಕ್ಕೆ ಪ್ರಿಯವಾದದ್ದೂ ಒಂದು ಪ್ರಮಾಣವೆಂದು ಯಾಜ್ಞವಲ್ಕ್ಯನು ಹೇಳಿರುವನು. ಇದು ಮನಬಂದಂತೆ ನಡೆಯಲು ಕೊಟ್ಟ ಪರವಾನಿಗೆಯಲ್ಲ. ಶಾಸ್ತ್ರವೇ ಎರಡು ದಾರಿಗಳನ್ನು ಒಪ್ಪಿದ ವಿಕಲ್ಪದ ಸ್ಥಳದಲ್ಲಿ ಮಾತ್ರ ಎಂದು ವಿಜ್ಞಾನೇಶ್ವರನು ಬಿಗಿಮಾಡಿದನು. ಚುನಾವಣೆಯು ಶುದ್ಧ ವಿಕಲ್ಪ. ಇವರನ್ನು ಆರಿಸು ಎಂದು ಯಾವ ವಿಧಿಯೂ ಇಲ್ಲ, ಅವರನ್ನು ಬಿಡು ಎಂಬ ನಿಷೇಧವೂ ಇಲ್ಲ. ಮಠವೂ ಮನೆತನವೂ ಜಾತಿಯೂ ಪಕ್ಷವೂ ಸಲಹೆ ಕೊಡಬಹುದು, ಪ್ರಮಾಣವಾಗಲಾರವು.

ಇಷ್ಟು ಹೇಳಿದ್ದು ಮತದಾರನ ಮಾತಾಯಿತು. ಮತವನ್ನು ಪಡೆದು ಸಭೆಗೆ ಹೋದವನ ಧರ್ಮವು ಇದಕ್ಕೆ ತೀರ ವಿರುದ್ಧವಾದದ್ದು. ದ್ರೌಪದಿಯು ಪ್ರಶ್ನೆಯನ್ನೆತ್ತಿದಾಗ ವಿದುರನು ಪ್ರಹ್ಲಾದನ ಕಥೆಯನ್ನು ಹೇಳಿ, ಸಭೆಯಲ್ಲಿ ಕುಳಿತು ತಿಳಿದೂ ನುಡಿಯದವನು ಪಾಪದಲ್ಲಿ ಭಾಗಿಯೆಂದು ಎಚ್ಚರಿಸಿದನು. ಸಭಾಸದನಿಗೆ ಮೌನವೂ ಇಲ್ಲ, ಮರೆಯೂ ಇಲ್ಲ. ಇಂಗ್ಲಂಡದಲ್ಲಿ ಪ್ರಜೆಯ ಮತವನ್ನು ಮುಚ್ಚುವ 36 ವರುಷ ಮೊದಲೇ, 1836ರಿಂದ, ಪಾರ್ಲಿಮೆಂಟಿನ ಸಭಾಸದರು ಯಾವ ಕಡೆಗೆ ಮತವಿತ್ತರೆಂಬ ಪಟ್ಟಿಯನ್ನು ಸಭೆಯೇ ಪ್ರಕಟಿಸತೊಡಗಿತ್ತು. ನಮ್ಮಲ್ಲಿ 2003ರಿಂದ ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರ ಮತವನ್ನು ಬಹಿರಂಗಮಾಡಿದರು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ತತ್ವವು ಸರಿ. ಆದರೆ ಈ ಬಹಿರಂಗವು ಯಾರಿಗೆ? ಶಾಸಕನು ಗುರುತು ಮಾಡಿದ ಚೀಟಿಯನ್ನು ತೋರಿಸಬೇಕಾದದ್ದು ತನ್ನ ಪಕ್ಷದ ಏಜಂಟನಿಗೆ. ಅವನನ್ನು ಆರಿಸಿದ ಯಲಬುರ್ಗೆಯ ಒಕ್ಕಲಿಗನಿಗಲ್ಲ. ಧಣಿಗೆ ತೆರೆದು ಪ್ರಜೆಗೆ ಮುಚ್ಚಿದ ಇಂಥ ಮತವು ಗುಪ್ತವೂ ಅಲ್ಲ, ಪ್ರಕಟವೂ ಅಲ್ಲ. 1868ರ ವೇಲ್ಸಿನ ನೆನಪು ಬರುವದು.

ಕೊನೆಗೆ ಒಂದು ಸಂಗತಿ. ಅದರ ಕಡೆಗೆ ವಿದ್ಯಾವಂತರ ಲಕ್ಷ್ಯವು ಹೋಗದಿರುವದು ನನಗೆ ವ್ಯಸನವಾಗಿದೆ. ಚೀಟಿಗಳಿದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಕಲಸಿ ಎಣಿಸಲಿಕ್ಕೆ ಆಸ್ಪದವಿತ್ತು. 2004ರಿಂದ ದೇಶದಲ್ಲೆಲ್ಲ ಯಂತ್ರಗಳು ಬಂದವು. ಒಂದೊಂದು ಯಂತ್ರದ ಲೆಕ್ಕವು ಬೇರೆ ಬೇರೆಯಾಗಿ ಹೊರಬೀಳುತ್ತದೆ. ಒಬ್ಬನ ಗುಟ್ಟು ಉಳಿಯಿತು, ಊರಿನ ಗುಟ್ಟು ಹೋಯಿತು. ನಮ್ಮ ಸಣ್ಣ ಊರುಗಳಿಗೆ ಇರುವದು ಒಂದೇ ಮತಗಟ್ಟೆ. ದೊಡ್ಡ ಊರಲ್ಲಿ ಎರಡು ಓಣಿಗಳಿಗೆ ಒಂದು. ಎಣಿಕೆಯ ಮರುದಿವಸವೇ, ಇಂಥ ಊರು ನಮಗೆ ಕೈಕೊಟ್ಟಿತು, ಇನ್ನು ಆ ಊರಿಗೆ ಕೊಳವೆಬಾವಿ ಹೇಗೆ ಬರುವದೋ ನೋಡೋಣವೆಂದು ಚಹದ ಅಂಗಡಿಯಲ್ಲಿ ಮಾತು ಹುಟ್ಟುವದು. ಹತ್ತಾರು ಯಂತ್ರಗಳನ್ನು ಕೂಡಿಸಿ ಒಟ್ಟಿನ ಲೆಕ್ಕವನ್ನೇ ತೋರಿಸುವ ಸಾಧನವೊಂದನ್ನು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಅದನ್ನು ಶಿಫಾರಸು ಮಾಡಿತು. ಕೇಂದ್ರ ಸರಕಾರವು ಒಪ್ಪಲಿಲ್ಲ. ಎಲ್ಲಿ ಮತ ಕಡಿಮೆ ಬಂತೆಂದು ತಿಳಿದರೆ ಅಲ್ಲಿ ಹೆಚ್ಚು ಕೆಲಸ ಮಾಡಬಹುದಲ್ಲ ಎಂಬುದೊಂದು ಸಮಾಧಾನ. ಇದನ್ನು ನಂಬುವಷ್ಟು ಸಾಧುತ್ವವು ನನ್ನಲ್ಲಿ ಉಳಿದಿಲ್ಲ. ಮತಗಟ್ಟೆವಾರು ಲೆಕ್ಕವಿಲ್ಲದಿದ್ದರೆ ಯಂತ್ರದ ಎಣಿಕೆಯನ್ನು ತಾಳೆನೋಡುವದು ಹೇಗೆಂದು ಕೇಳುವವರ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದದ್ದು. ಎಣಿಕೆಯು ಬಯಲಾಗಿರಬೇಕು, ಮತವು ಮರೆಯಾಗಿರಬೇಕು. ಒಂದನ್ನು ಕಾಯಹೋಗಿ ಇನ್ನೊಂದನ್ನು ಕಳೆದುಕೊಳ್ಳದ ದಾರಿಯನ್ನು ಬಲ್ಲವರು ಹುಡುಕಬೇಕು. ಇಂಗ್ಲಂಡದಲ್ಲಿ ಇಂದಿಗೂ ಕಾಗದದ ಚೀಟಿಗಳೇ. ಪ್ರತಿ ಪೆಟ್ಟಿಗೆಯಲ್ಲಿ ಎಷ್ಟು ಚೀಟಿಗಳಿವೆಯೆಂದು ಮೊದಲು ಎಲ್ಲರ ಇದಿರಿಗೆ ತಾಳೆನೋಡುವರು. ಆಮೇಲೆ ಒಂದು ಪೆಟ್ಟಿಗೆಯ ಚೀಟಿಗಳನ್ನು ಇನ್ನೊಂದರವುಗಳೊಡನೆ ಕಲಸಿ, ಆ ಬಳಿಕವೇ ಯಾರಿಗೆ ಎಷ್ಟೆಂದು ಎಣಿಸುವರು. ಹಾಗೆ ಕಲಸದೆ ಎಣಿಸಕೂಡದೆಂದು ಅಲ್ಲಿ ನಿಯಮವೇ ಇದೆ.