ಭಗವಾನ್ ಬುದ್ಧನ ದೃಷ್ಟಿಯಲ್ಲಿ ಕರ್ಮ ಮತ್ತು ಬೋಧಿ

ಭಗವಾನ್ ಬುದ್ಧನು ಒಮ್ಮೆ ಆನಂದನೊಡನೆ ಭಿಕ್ಷುಗಳ ವಸತಿಗಳನ್ನು ಸುತ್ತಿ ನೋಡುತ್ತಿದ್ದಾಗ, ಒಬ್ಬ ಭಿಕ್ಷುವು ಅತಿಸಾರದಿಂದ ನಿಶ್ಶಕ್ತನಾಗಿ ತನ್ನದೇ ಮಲಮೂತ್ರಗಳಲ್ಲಿ ಬಿದ್ದಿರುವುದನ್ನು ಕಂಡನು. ಶುಶ್ರೂಷೆ ಮಾಡುವವರಾರೂ ಇಲ್ಲವೇ ಎಂದು ಕೇಳಲು, ತನ್ನಿಂದ ಇತರ ಭಿಕ್ಷುಗಳಿಗೆ ಯಾವ ಉಪಕಾರವೂ ಇಲ್ಲವಾದ್ದರಿಂದ ಯಾರೂ ಇತ್ತ ಬರುವುದಿಲ್ಲವೆಂದು ರೋಗಿಯು ಉತ್ತರಿಸಿದನು. ತಥಾಗತನು ಆನಂದನಿಂದ ನೀರು ತರಿಸಿ ತಾನೇ ನೀರೆರೆದನು. ಆನಂದನು ಮೈ ತೊಳೆದನು. ಬಳಿಕ ಗುರುವು ತಲೆಯ ಕಡೆಯಿಂದಲೂ ಶಿಷ್ಯನು ಕಾಲಿನ ಕಡೆಯಿಂದಲೂ ಎತ್ತಿ ಅವನನ್ನು ಮಂಚದ ಮೇಲೆ ಮಲಗಿಸಿದರು.

ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಈ ವೃತ್ತಾಂತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಜನ್ಮದ ಯಾವ ಪಾಪದಿಂದ ಈ ವ್ಯಾಧಿ ಬಂದಿತೆಂದು ಭಗವಂತನು ವಿಚಾರಿಸಲಿಲ್ಲ. ರೋಗ ಯಾವುದು, ನೋಡಿಕೊಳ್ಳುವವರು ಯಾರು, ಇಲ್ಲದಿದ್ದರೆ ಏಕಿಲ್ಲ, ಇಷ್ಟೇ ಅವನ ಪ್ರಶ್ನೆಗಳು.

ಲೋಕದ ರೂಢಿ ಬೇರೆ. ನೆರೆಮನೆಯವನು ಸಂಕಟಕ್ಕೆ ಸಿಕ್ಕಿದರೆ ‘ಪಾಪ, ಅವನ ಕರ್ಮ’ ಎಂದು ನಿಟ್ಟುಸಿರಿಟ್ಟು ಬಾಗಿಲು ಹಾಕಿಕೊಳ್ಳುವುದು ಸುಲಭ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯನ್ನು ತನ್ನ ನಡತೆಗೆ ಅನ್ವಯಿಸಿಕೊಂಡರೆ ಅದು ವಿವೇಕ. ಪರರ ಹಾಸಿಗೆಯ ಬಳಿ ನಿಂತು ಹೇಳಿದರೆ ಕ್ರೌರ್ಯ. ಇಂಥ ಮಾತಿಗೆ ಬುದ್ಧನನ್ನೂ ಸಾಕ್ಷಿಗೆ ಕರೆಯುವವರುಂಟು.

ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕನು ಇದನ್ನೇ ನೇರವಾಗಿ ಕೇಳಿದನೆಂದು ಸಂಯುಕ್ತ ನಿಕಾಯವು ತಿಳಿಸುತ್ತದೆ. ಮನುಷ್ಯನ ಸುಖದುಃಖಗಳೆಲ್ಲವೂ ಪೂರ್ವಕೃತವೇ? ಭಗವಂತನು ಎಂಟು ಕಾರಣಗಳನ್ನು ಹೇಳಿದನು: ಪಿತ್ತ, ಶ್ಲೇಷ್ಮ, ವಾತ, ಇವು ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ಶರೀರವನ್ನು ಹದತಪ್ಪಿ ನಡೆಸಿಕೊಳ್ಳುವುದು, ಹೊರಗಿನಿಂದ ಬಂದ ಆಘಾತ, ಕೊನೆಗೆ ಕರ್ಮವಿಪಾಕ. ಎಂಟರಲ್ಲಿ ಕರ್ಮದ ಪಾಲು ಒಂದು! ಎಲ್ಲವೂ ಪೂರ್ವಕೃತವೆನ್ನುವವರು ಸ್ವಾನುಭವವನ್ನೂ ಲೋಕವು ಒಪ್ಪಿದ ಸತ್ಯವನ್ನೂ ಮೀರಿ ಮಾತನಾಡುತ್ತಾರೆಂದು ಅವನ ನಿರ್ಣಯ.

ಹಾಗೆಂದು ಬುದ್ಧನು ಕರ್ಮಫಲವನ್ನು ಅಲ್ಲಗಳೆದನೆಂದು ತಿಳಿಯುವುದೂ ತಪ್ಪು. ಮನುಷ್ಯರಲ್ಲಿ ಕಾಣುವ ಆಯುರಾರೋಗ್ಯಗಳ ತಾರತಮ್ಯಕ್ಕೆ ಅವರವರ ಕರ್ಮ ಕಾರಣವೆಂದು ಶುಭನೆಂಬ ಯುವಕನಿಗೆ ಅವನೇ ಬೋಧಿಸಿದ್ದಾನೆ. ಆದರೆ ಕರ್ಮವೆಂದರೆ ಅವನ ಬೋಧೆಯಲ್ಲಿ ಹಣೆಯಲ್ಲಿ ಬರೆದ ಲಿಪಿಯಲ್ಲ, ಚೇತನೆ, ಅಂದರೆ ಸಂಕಲ್ಪಪೂರ್ವಕವಾದ ಕ್ರಿಯೆ. ಅದರ ವಿಪಾಕವೋ, ಚಿಂತಿಸಿ ಮುಗಿಸಲಾಗದ ನಾಲ್ಕು ವಿಷಯಗಳಲ್ಲಿ ಒಂದು. ಹೀಗಿರಲು ರೋಗಿಯ ಮುಖ ನೋಡಿ ಅವನ ಜನ್ಮಾಂತರದ ಲೆಕ್ಕವನ್ನು ಓದುವ ಅಧಿಕಾರ ಯಾರಿಗಿದೆ? ಎಲ್ಲವೂ ಪೂರ್ವಕೃತವಾದರೆ ಕೊಲೆಗಾರನು ಕೊಲ್ಲುವುದೂ ಪೂರ್ವಕೃತವೇ ಆಗಬೇಕು. ಆಗ ಇದನ್ನು ಮಾಡು, ಅದನ್ನು ಬಿಡು ಎಂಬ ಉಪದೇಶಕ್ಕೆ ಅರ್ಥವೇ ಉಳಿಯದೆಂದು ಅಂಗುತ್ತರ ನಿಕಾಯದಲ್ಲಿ ಅವನ ವಾದವಿದೆ.

1956ರ ವಿಜಯದಶಮಿಯಂದು, ಅಕ್ಟೋಬರ್ 14ರಂದು, ನಾಗಪುರದಲ್ಲಿ ಬೌದ್ಧದೀಕ್ಷೆ ಪಡೆದ ಡಾ. ಅಂಬೇಡ್ಕರರು ಇನ್ನೂ ಮುಂದೆ ಹೋದರು. ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ, ಬಡವರ ದುರವಸ್ಥೆಗೆ ಪೂರ್ವಜನ್ಮವನ್ನು ಹೊಣೆಮಾಡುವುದೆಂದರೆ ಸಮಾಜವು ತನ್ನ ಹೊಣೆಯಿಂದ ನುಣುಚಿಕೊಳ್ಳುವುದೆಂದು ಅವರು ವಾದಿಸಿದರು. ಪಾಲಿ ಸುತ್ತಗಳ ಜನ್ಮಾಂತರ ಬೋಧೆಯನ್ನು ಅವರು ಅರ್ಥೈಸಿದ ರೀತಿಯನ್ನು ಸಂಪ್ರದಾಯಸ್ಥ ಬೌದ್ಧರು ಒಪ್ಪಲಾರರು. ಆದರೂ ಆ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ.

ಬೋಧಿಯ ವಿಷಯದಲ್ಲಿಯೂ ಇಂಥ ಭ್ರಾಂತಿಯಿದೆ. ಜ್ಞಾನೋದಯವಾದವನಿಗೆ ನೋವಿಲ್ಲ, ಹಳೆಯ ಕರ್ಮವೆಲ್ಲ ಅಳಿಸಿಹೋಗುತ್ತದೆ, ಲೋಕದ ಗೊಡವೆಯೇ ಬೇಡವಾಗುತ್ತದೆ ಎಂದು ಹಲವರ ಎಣಿಕೆ. ಬುದ್ಧನಿಗೆ 35ನೆಯ ವಯಸ್ಸಿನಲ್ಲಿ ಬೋಧಿಯಾಯಿತು, 80ರಲ್ಲಿ ಪರಿನಿರ್ವಾಣ. ನಡುವಣ 45 ವರ್ಷ ಅವನು ಊರೂರು ನಡೆದನು. ದೇವದತ್ತನು ಉರುಳಿಸಿದ ಬಂಡೆಯ ಚೂರು ಅವನ ಕಾಲಿಗೆ ಗಾಯ ಮಾಡಿತು. ಬೆನ್ನುನೋವೆಂದು ಪ್ರವಚನವನ್ನು ಸಾರಿಪುತ್ರನಿಗೆ ಒಪ್ಪಿಸಿ ಮಲಗಿದ್ದೂ ಉಂಟು. ಅರ್ಹಂತನಾದ ಮೇಲೂ ಅಂಗುಲಿಮಾಲನು ಕಲ್ಲೇಟಿನಿಂದ ತಲೆಯೊಡೆದು ರಕ್ತ ಸುರಿಸುತ್ತ ಭಿಕ್ಷಾಟನೆಯಿಂದ ಹಿಂದಿರುಗಿದಾಗ, ನರಕದಲ್ಲಿ ಬಹುಕಾಲ ಉಣ್ಣಬೇಕಾಗಿದ್ದ ಫಲವಿದು, ಸಹಿಸಿಕೊಳ್ಳೆಂದು ಗುರುವು ಸಂತೈಸಿದನು. ಅಜ್ಞಾನಿಗೆ ಎರಡು ಬಾಣಗಳು ನಾಟುತ್ತವೆ, ದೇಹಕ್ಕೊಂದು, ಅದರ ಹಿಂದೆಯೇ ಮನಸ್ಸಿಗೊಂದು. ಜ್ಞಾನಿಗೆ ಮೊದಲನೆಯದು ಮಾತ್ರ ಎಂದು ಬುದ್ಧನೇ ಹೋಲಿಕೆ ಕೊಟ್ಟಿದ್ದಾನೆ.

ಆ ಅತಿಸಾರದ ರೋಗಿಗೆ ನೀರೆರೆದ ಕೈಗಳು ಬೋಧಿಯನ್ನು ಪಡೆದವನ ಕೈಗಳೇ. ಅನಂತರ ಭಗವಂತನು ಭಿಕ್ಷುಗಳನ್ನು ಕರೆಸಿ, ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ಎಂದು ಕೇಳಿದನು. ಹುಟ್ಟಿದೂರನ್ನು ಬಿಟ್ಟು ಮಹಾನಗರದಲ್ಲಿ ನೆಲೆಸಿದವರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಬೇಕಾಗಿಲ್ಲ. ತನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂದೂ ಅವನು ಹೇಳಿದನು. ಅಷ್ಟಕ್ಕೇ ಬಿಡದೆ ನಿಯಮವನ್ನೂ ವಿಧಿಸಿದನು: ರೋಗಿಗೆ ಗುರುವಿದ್ದರೆ ಗುರು, ಶಿಷ್ಯನಿದ್ದರೆ ಶಿಷ್ಯ, ಗುಣವಾಗುವವರೆಗೂ ಆರೈಕೆ ಮಾಡಬೇಕು, ಯಾರೂ ಇಲ್ಲದವನನ್ನು ಸಂಘವೇ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ಅದು ದೋಷ.