ಎರಡು ಅಂಕದ ಅನ್ಯಾಯ

1996ರಲ್ಲಿ ರಿಚರ್ಡ್ ಮಾರ್ಟೆಲ್, ಡೇವಿಡ್ ಲೇನ್, ಸಿಂಥಿಯಾ ಎಮ್ರಿಚ್ ಎಂಬ ಮೂವರು ಅಮೆರಿಕದ ಸಂಶೋಧಕರು ಕಂಪ್ಯೂಟರಿನೊಳಗೆ ಒಂದು ಕಚೇರಿ ಕಟ್ಟಿದರು. ಎಂಟು ಮೆಟ್ಟಿಲ ಕಚೇರಿ. ತಳದಲ್ಲಿ 500 ಹುದ್ದೆ, ತುದಿಯಲ್ಲಿ 10. ಶುರುವಿನಲ್ಲಿ ಗಂಡಸರು, ಹೆಂಗಸರು ಸರಿಸಮ. ಪ್ರತಿಯೊಬ್ಬರಿಗೂ ಸರಾಸರಿ 50ರ ಆಸುಪಾಸಿನಲ್ಲಿ ಒಂದು ಕೆಲಸದ ಅಂಕ. ಸುತ್ತು ಸುತ್ತಿಗೂ ಶೇ. 15ರಷ್ಟು ಮಂದಿ ಕೆಲಸ ಬಿಡುತ್ತಾರೆ. ತೆರವಾದ ಕುರ್ಚಿಗೆ ಕೆಳಗಿನ ಮೆಟ್ಟಿಲಲ್ಲಿ ಹೆಚ್ಚು ಅಂಕ ಇದ್ದವರು ಏರುತ್ತಾರೆ. ಶಿಫಾರಸಿಲ್ಲ, ಲಂಚವಿಲ್ಲ, ಸಾಹೇಬರ ಮರ್ಜಿ ಇಲ್ಲ. ಇಂಥ ಕಚೇರಿ ಕಂಪ್ಯೂಟರಿನೊಳಗಲ್ಲದೆ ಇನ್ನೆಲ್ಲಿ ಸಿಗಬೇಕು!

ಇದರೊಳಗೆ ಅವರು ಬೇಕೆಂದೇ ಒಂದು ಸಣ್ಣ ಪಕ್ಷಪಾತ ಬೆರೆಸಿದರು. ಗಂಡಸರಿಗೆ ಸುಮಾರು ಎರಡು ಅಂಕ ಹೆಚ್ಚು. ಅಂಕಗಳ ಒಟ್ಟು ಏರುಪೇರಿನಲ್ಲಿ ಲಿಂಗದ ಪಾಲು ಬರೀ ಶೇ. 1. ಮೊದಲಿದ್ದವರೆಲ್ಲ ಹೋಗಿ ಹೊಸಬರು ತುಂಬುವ ತನಕ ಲೆಕ್ಕ ಓಡಿತು. ಕೊನೆಗೆ ತುದಿಯ ಮೆಟ್ಟಿಲಲ್ಲಿ ಉಳಿದ ಹೆಂಗಸರು ಶೇ. 35. ಆ ಪಾಲನ್ನು ಶೇ. 5ಕ್ಕೆ ಏರಿಸಿದಾಗ ಶೇ. 29.

ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯ ಅಂಕಿಯಲ್ಲ, ಮೊದಲನೆಯದು. ಲಿಂಗದ ಪಾಲು ಐದು ಪಟ್ಟಾದರೂ ಹೊಸದಾಗಿ ಕಳೆದುಹೋದದ್ದು ನೂರಕ್ಕೆ ಆರು ಜಾಗ. ಐವತ್ತರಿಂದ ಮೂವತ್ತೈದಕ್ಕೆ ಇಳಿಸಿದ ದೊಡ್ಡ ಪೆಟ್ಟು ಕೊಟ್ಟದ್ದು, ಯಾರ ಕಣ್ಣಿಗೂ ಬೀಳದ ಆ ಶೇ. 1. ನಡುವಿನ ಸಾಲಿನಲ್ಲಿ ಎರಡು ಅಂಕಕ್ಕೆ ಬೆಲೆಯೇ ಇಲ್ಲ. ಆದರೆ ಜರಡಿಯ ಮೇಲೆ ಜರಡಿ ಹಿಡಿದು, ಎಲ್ಲರೂ ಜಾಣರೇ ಆಗಿ ಉಳಿದ ಕಡೆ, ಆ ಎರಡು ಅಂಕಗಳೇ ತೀರ್ಪು ಹೇಳುತ್ತವೆ.

ನಿಜದ ಕಚೇರಿಯಲ್ಲಿ ಈ ಎರಡು ಅಂಕ ಹೇಗಿರುತ್ತವೆ? ಅಪ್ರೈಸಲ್ ಮೀಟಿಂಗಿನಲ್ಲಿ, “ಅವರು ಚೆನ್ನಾಗಿ ಮಾಡ್ತಾರೆ, ಇನ್ನೊಂದು ವರ್ಷ ನೋಡೋಣ” ಎನ್ನುವ ಧಾಟಿಯಲ್ಲಿ. ಅಷ್ಟೇ ಕೆಲಸ ಮಾಡಿದ ಗಂಡಸಿನ ಬಗ್ಗೆ “ಈಗಲೇ ಕೊಟ್ಟು ನೋಡೋಣ” ಎನ್ನುವುದರಲ್ಲಿ. ಹಾಗೆಂದವರು ಕೆಟ್ಟವರಲ್ಲ. ಎದೆ ಮುಟ್ಟಿಕೊಂಡು “ನಾನು ಭೇದ ಮಾಡಿಲ್ಲ” ಎಂದರೆ ಅದು ಬಹುಮಟ್ಟಿಗೆ ನಿಜವೂ ಹೌದು. ಅನ್ಯಾಯ ಎಂದೊಡನೆ ನಾವು ಅನ್ಯಾಯ ಮಾಡಿದವರನ್ನು ಹುಡುಕುತ್ತೇವೆ. ಕಥೆಯಲ್ಲೂ ಕೋರ್ಟಿನಲ್ಲೂ ನಮಗೆ ಒಂದು ಮುಖ ಬೇಕು. ಈ ಕಚೇರಿಯಲ್ಲಿ ಮುಖಗಳೇ ಇಲ್ಲ, ಅನ್ಯಾಯ ಮಾತ್ರ ಇದೆ. ಥಾಮಸ್ ಶೆಲ್ಲಿಂಗ್ 1971ರ ಲೇಖನದಲ್ಲಿ ಇಂಥದ್ದನ್ನೇ ತೋರಿಸಿದ್ದರು: ‘ನೆರೆಯಲ್ಲಿ ನನ್ನವರು ಒಂದಿಷ್ಟು ಇದ್ದರೆ ಸಾಕು’ ಎಂಬ ಸೌಮ್ಯ ಆಸೆಯೇ ಊರನ್ನು ಎರಡು ಕೇರಿಯಾಗಿ ಸೀಳಬಲ್ಲದು.

ಹಾಗಾದರೆ ಉದ್ದೇಶ ಬಿಟ್ಟು ಫಲಿತಾಂಶವನ್ನಷ್ಟೇ ನೋಡಿ ನೀತಿ ಮಾಡೋಣವೇ? ಅಷ್ಟು ಸುಲಭಕ್ಕೆ ಒಪ್ಪಲು ಮನಸ್ಸು ಬರುವುದಿಲ್ಲ. ಕಂಪ್ಯೂಟರಿನೊಳಗೆ ಪಕ್ಷಪಾತವನ್ನು ಇಟ್ಟವರು ಸಂಶೋಧಕರೇ. ಇಟ್ಟದ್ದೇ ಬೆಳೆದು ಹೊರಬಂತು. ಇಷ್ಟು ಚಿಕ್ಕದು ಸಾಕಾಗುತ್ತದೆ ಎಂದು ಅದು ಹೇಳುತ್ತದೆಯೇ ಹೊರತು ನಮ್ಮ ಕಚೇರಿಯಲ್ಲಿ ಆದದ್ದು ಅದೇ ಎಂದಲ್ಲ. ಶೇ. 35ಕ್ಕೆ ಬಂದು ಮುಟ್ಟುವ ದಾರಿಗಳು ಬೇರೆಯೂ ಇದ್ದಾವು. ಆದರೆ ಎದುರು ವಾದವೂ ಅಷ್ಟೇ ಗಟ್ಟಿ: ಇಷ್ಟು ಸಣ್ಣದನ್ನು ಬಡ್ತಿ ತಪ್ಪಿದ ಒಬ್ಬಾಕೆ ತನ್ನೊಬ್ಬಳ ಫೈಲು ಹಿಡಿದು ಯಾವ ಕಾಲಕ್ಕೂ ಸಾಬೀತು ಮಾಡಲಾರಳು. ಅವಳಿಗೆ ಆದದ್ದು ಅವಳ ಫೈಲಿನಲ್ಲಿಲ್ಲ. ಐನೂರು ಫೈಲುಗಳನ್ನು ಒಟ್ಟಿಗೆ ಹರಡಿದರೆ ಮಾತ್ರ ಕಂಡೀತು. ಸಾಬೀತಿನ ಹೊರೆಯನ್ನು ಅವಳ ತಲೆಯ ಮೇಲಿಂದ ಇಳಿಸಿ, ಫೈಲುಗಳೆಲ್ಲ ಯಾರ ಕಪಾಟಿನಲ್ಲಿವೆಯೋ ಅವರ ಮೇಲೆ ಹೊರಿಸುವುದು ನನಗೆ ನ್ಯಾಯವಾಗಿ ತೋರುತ್ತದೆ.

ಇನ್ನೊಂದು ಮಾತು. ನಾಳೆ ಬೆಳಿಗ್ಗೆ ಆ ಎರಡು ಅಂಕವನ್ನು ಅಳಿಸಿದರೂ ಮೇಲಿನ ಕುರ್ಚಿಗಳು ನಾಳೆಯೇ ಬದಲಾಗುವುದಿಲ್ಲ. ಹಳೇ ಲೆಕ್ಕದಲ್ಲಿ ಆಯ್ಕೆಯಾದವರು ಅಲ್ಲಿ ಕೂತಿರುತ್ತಾರೆ. ‘ನಿಯಮ ಸರಿಪಡಿಸಿದೆವಲ್ಲ, ಇನ್ನೇನು’ ಎಂಬ ಬೇಸರ ಹುಟ್ಟುವುದು ಈ ಕಾಯುವ ಅವಧಿಯಲ್ಲೇ. ಸಂಶೋಧಕರ ಕಚೇರಿಯಲ್ಲಿ ಕಾಯುವುದು ಕಷ್ಟವಲ್ಲ. ಅಲ್ಲಿ ಕೆಲಸ ಬಿಡುವ ಶೇ. 15 ಮಂದಿಯನ್ನು ಯಂತ್ರ ಸುಮ್ಮನೆ ಚೀಟಿ ಎತ್ತಿ ಆರಿಸುತ್ತದೆ. ಇಲ್ಲಿ, ಮೇಲೆ ಯಾರು ಕೂತಿದ್ದಾರೆಂದು ಒಮ್ಮೆ ತಲೆಯೆತ್ತಿ ನೋಡಿದವಳು ರಾಜೀನಾಮೆ ಬರೆಯುತ್ತಾಳೆ. ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂದು ತುಂಬುತ್ತಾಳೆ.