ನೆತ್ತರಿನ ಸಾಕ್ಷಿ

ಉಬ್ಬಸ ಪಡುವವರ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬುತ್ತೇವೆ? ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸೊಬ್ಬಳು "ನಾಲ್ಕು ಹೆಜ್ಜೆ ಇಟ್ರೆ ಉಸಿರು ಕಟ್ಟುತ್ತೆ ಕಣವ್ವ" ಎಂದರೆ ಮನೆಯವರು "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಅವಳ ರಕ್ತಪರೀಕ್ಷೆಯ ಚೀಟಿಯಲ್ಲಿ ಒಂದು ಅಂಕಿ ಏರಿದ್ದರೆ ಮಾತ್ರ ಗಾಬರಿಯಾಗುತ್ತಾರೆ. ಬಾಯಿ ಹೇಳಿದ್ದಕ್ಕಿಂತ ನೆತ್ತರು ಹೇಳಿದ್ದು ಹೆಚ್ಚು ನಿಜವೆ?

ಅಂಥ ಅಂಕಿಗಳಲ್ಲಿ ಒಂದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ಶ್ವಾಸಕೋಶ ಕೆರಳಿದಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತು ರಕ್ತದಲ್ಲಿ ಹರಿದು ಯಕೃತ್ತನ್ನು ಮುಟ್ಟುತ್ತದೆ. ಯಕೃತ್ತು ಸಿಆರ್‌ಪಿಯನ್ನೂ ಫೈಬ್ರಿನೋಜನ್ ಎಂಬ ಇನ್ನೊಂದು ಪ್ರೋಟೀನನ್ನೂ ಹೆಚ್ಚು ತಯಾರಿಸುತ್ತದೆ. ನೋವು ಒಂದು ಮನೆಯಲ್ಲಿ, ಕೂಗು ಪಕ್ಕದ ಮನೆಯಲ್ಲಿ ಎಂಬಂತೆ.

ಆದರೆ ಈ ಸಾಕ್ಷಿಗೆ ಒಂದು ಮಿತಿಯಿದೆ. ಕೀಲುವಾತವಿದ್ದರೂ, ಗಾಯ ಕೀವಾದರೂ ಸಿಆರ್‌ಪಿ ಏರುತ್ತದೆ. ಏರಿಸಿದ್ದು ಗಂಡಸಿನ ಬೀಡಿಯೋ ಹೆಂಗಸಿನ ಒಲೆಯೋ ಎಂದು ಅದು ಹೇಳದು. ಆದ್ದರಿಂದಲೇ ಶ್ವಾಸನಾಳಗಳು ಕಿರಿದಾಗುವ ಸಿಒಪಿಡಿ ಕಾಯಿಲೆಯನ್ನು ರಕ್ತದಿಂದ ನಿರ್ಧರಿಸುವುದಿಲ್ಲ. ಸ್ಪೈರೋಮೀಟರಿನಲ್ಲಿ ಊದಿಸಿಯೇ ನೋಡಬೇಕು. ರಕ್ತದ ಅಂಕಿ ನಿರುಪಯೋಗಿಯೇನಲ್ಲ. ಇಯೋಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳು ಒಂದು ಮೈಕ್ರೋಲೀಟರಿಗೆ 300 ಅಥವಾ ಹೆಚ್ಚು ಇದ್ದರೆ ಉಸಿರಿನೊಡನೆ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧಿ ಫಲ ಕೊಡುವ ಸಂಭವ ಹೆಚ್ಚು. ಅಂಕಿ ಮದ್ದಿಗೆ ದಾರಿ ತೋರಬಲ್ಲದು. ರೋಗ ಬಂದ ದಾರಿಯನ್ನು ಮಾತ್ರ ರೋಗಿಯನ್ನೇ ಕೇಳಿ ತಿಳಿಯಬೇಕು.

ಹಾಗೆ ಕೇಳಿದವರೂ ಇದ್ದಾರೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಲೆಕ್ಕ ಶಾಲೆಯ ಮಕ್ಕಳೂ ಮಾಡಬಲ್ಲ ಗುಣಾಕಾರ: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಅಂಥವು ಎಷ್ಟು ವರ್ಷ? ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ಮೂರು ಗಂಟೆ, ಇಪ್ಪತ್ತು ವರ್ಷ, ಅಷ್ಟೇ ಸಾಕು. ಹದಿನೆಂಟಕ್ಕೆ ಮದುವೆಯಾದವಳು ಮೂವತ್ತೆಂಟಕ್ಕೆ ಅಲ್ಲಿಗೆ ತಲಪುತ್ತಾಳೆ.

ನನ್ನನ್ನು ಕಾಡುವುದು ಈ ಗುಣಾಕಾರವೇ. ಯಾವ ಕೂಲಿ ಪುಸ್ತಕಕ್ಕೂ ಏರದ ಗಂಟೆಗಳು ಇವು. ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ, ಬೆರಣಿ ಒಟ್ಟಿ ಅವಳು ಊದಿದ ಉಸಿರನ್ನು ನಾವು ದುಡಿಮೆಯೆಂದು ಎಣಿಸಲಿಲ್ಲ. ಕೊನೆಗೆ ಅವು ಲೆಕ್ಕಕ್ಕೆ ಬಂದದ್ದು ರೋಗದ ಖಾತೆಯಲ್ಲಿ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನೇಕ ಬಡವರ ಮನೆಗಳಿಗೆ ಗ್ಯಾಸ್ ಬಂತು, ನಿಜ. ಆದರೂ ಸಿಲಿಂಡರಿಗೆ ದುಡ್ಡು ಸಾಲದೆ ಇರುವಲ್ಲಿ, ಸ್ನಾನದ ನೀರು ಕಾಯುವಲ್ಲಿ ಸೌದೆ ಉರಿಯುತ್ತಲೇ ಇದೆ.

ಅಂಕಿಯನ್ನು ನಂಬುವುದು ನಮಗೆ ಸುಲಭ. ಅದು ಗುಳಿಗೆ ಕೇಳುತ್ತದೆ, ಅಷ್ಟೆ. ಅವಳ ಮಾತನ್ನು ನಂಬಿದರೆ ಅಡುಗೆಮನೆಗೆ ಕಿಟಕಿ ಇಡಬೇಕು, ಸಿಲಿಂಡರಿಗೆ ಹಣ ಎತ್ತಿಡಬೇಕು, ಒಲೆಯ ಪಾಳಿಯನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು. ಅದಕ್ಕೇ ಇರಬೇಕು, ನಾವು ನೆತ್ತರಿನ ಸಾಕ್ಷಿಗೆ ಕಾಯುವುದು. ರಕ್ತಪರೀಕ್ಷೆ ಖಂಡಿತ ಮಾಡಿಸೋಣ. ಅದಕ್ಕೆ ಮೊದಲು, ಆ ಒಲೆಯ ಮುದ್ದೆಯನ್ನು ಉಂಡು ಬೆಳೆದ ನಾವು, "ಎಷ್ಟು ವರ್ಷ ಊದಿದೆಯಮ್ಮ?" ಎಂದು ಅವಳನ್ನು ಕೇಳುವುದು ನ್ಯಾಯ.